ಮತ್ತಿಕೆರೆಯ ಒಂದು ಅಡುಗೆಮನೆ: ಹಿರಿಯ ದಂಪತಿ ತಾವೇ ಕೈಗೊಂಡ ನವೀಕರಣದ ಪ್ರಕರಣ ಅಧ್ಯಯನ

ಬೆಂಗಳೂರಿನ ಮತ್ತಿಕೆರೆಯಲ್ಲಿ, 30×40 ಅಡಿಯ ನಿವೇಶನದಲ್ಲಿ 1988ರಲ್ಲಿ ಕಟ್ಟಿದ ಮನೆಯೊಂದಿದೆ. ಅದರ ಅಡುಗೆಮನೆಯನ್ನು 2024ರ ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ, ಮನೆಯ ಒಡೆಯರಾದ ದಂಪತಿ ಬಹುಪಾಲು ತಮ್ಮ ಕೈಯಿಂದಲೇ ಹೊಸದು ಮಾಡಿಕೊಂಡರು. ಆಗ ಪತಿಗೆ 71 ವರ್ಷ, ಪತ್ನಿಗೆ 66 ವರ್ಷ. ಅವರು ನನ್ನ ಚಿಕ್ಕಪ್ಪ, ಚಿಕ್ಕಮ್ಮ. ಕಟ್ಟಡ ಕಾಮಗಾರಿಗಳ ಉಸ್ತುವಾರಿ ನನ್ನ ವೃತ್ತಿಯಾದ್ದರಿಂದ ಅವರು ಸಲಹೆ ಕೇಳಿದರು. ನಾನು ವಾರಕ್ಕೊಮ್ಮೆ ಹೋಗಿ ನೋಡಿ, ಟಿಪ್ಪಣಿ ಇಟ್ಟುಕೊಂಡೆ. ಚಿಕ್ಕಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನವೂ ಬರೆದಿಟ್ಟ ಅಳತೆ, ಖರ್ಚು ಮತ್ತು ನೋವಿನ ಲೆಕ್ಕಗಳು ಈ ಬರಹಕ್ಕೆ ಮುಖ್ಯ ಆಧಾರ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡವೆಂದಿದ್ದಾರೆ.

ಹಿರಿಯರು ತಮ್ಮ ಮನೆಯ ಕೆಲಸವನ್ನು ತಾವೇ ಮಾಡಿಕೊಳ್ಳುತ್ತೇವೆ ಎಂದಾಗ ಮಕ್ಕಳಿಗೆ ಗಾಬರಿಯಾಗುತ್ತದೆ, ನನಗೂ ಆಗಿತ್ತು. ದುಡ್ಡು ಉಳಿಸುವ ಹಟ ಇದು ಎಂದು ಮೊದಲು ಅಂದುಕೊಂಡಿದ್ದೆ. ಹದಿನಾರು ವಾರ ಹತ್ತಿರದಿಂದ ಕಂಡ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅಡುಗೆಮನೆಯನ್ನು ಅದರಲ್ಲಿ ನಿಂತು ಬೇಯಿಸುವವರ ಮೈಯಿಂದಲೇ ಅಳೆಯಬೇಕು, ಆ ಮೈ ತಾಳುವ ವೇಗದಲ್ಲೇ ಕಟ್ಟಬೇಕು. ಈ ಎರಡು ಕೆಲಸವನ್ನು ಇಪ್ಪತ್ತೊಂದು ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುವ ಗುತ್ತಿಗೆದಾರರಿಂದ ಮಾಡಿಸುವುದು ಬಹಳ ಕಷ್ಟ.

ಹಳೆಯ ಅಡುಗೆಮನೆ

ಕೋಣೆಯ ಅಳತೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ರೆಡ್ ಆಕ್ಸೈಡ್ ನೆಲ, ಪೂರ್ವದ ಗೋಡೆಯುದ್ದಕ್ಕೂ ಇಟ್ಟಿಗೆಯ ಕಾಲುಗಳ ಮೇಲೆ ಕೂರಿಸಿದ ಕಡಪ ಕಲ್ಲಿನ ಕಟ್ಟೆ, ಅದರ ಕೆಳಗೆ ಬಾಗಿಲಿಲ್ಲದ ಕಲ್ಲಿನ ಅರೆಗಳು, ತಲೆಯ ಮೇಲೆ ಅಟ್ಟ. ಮೂಲೆಯ ನೆಲದಲ್ಲಿ ಹೂತ ಒರಳುಕಲ್ಲಿನ ಅಂಚು ನೆಲಮಟ್ಟದಿಂದ ಎರಡು ಇಂಚು ಮೇಲಕ್ಕೆ ಎದ್ದು ನಿಂತಿತ್ತು. ಕಡಪ ಕಲ್ಲು ಸುಣ್ಣದ ಅಂಶವುಳ್ಳ ಕಲ್ಲಾದ್ದರಿಂದ ಹುಳಿ ಬಿದ್ದಲ್ಲಿ ಸವೆಯುತ್ತದೆ. ಮೂವತ್ತಾರು ವರ್ಷ ನಿಂಬೆಹಣ್ಣು ಹಿಂಡಿ, ಹುಣಸೆಹಣ್ಣು ಕಿವುಚಿದ ಜಾಗ ಬಿಳಿಚಿಕೊಂಡು ಒರಟಾಗಿತ್ತು. ನಲ್ಲಿಗೆ ಬರುವ ಜಿ.ಐ. (ಸತು ಲೇಪಿತ ಕಬ್ಬಿಣದ) ಕೊಳವೆಯೊಳಗೆ ಕೊಳವೆಬಾವಿಯ ಗಡಸು ನೀರಿನ ಕರೆ ಕಟ್ಟಿ, ನೀರು ನೂಲಿನಂತೆ ಬೀಳುತ್ತಿತ್ತು. ವಿದ್ಯುತ್ತಿಗೆ ಪಿಂಗಾಣಿಯ ಫ್ಯೂಸು. ಮಿಕ್ಸಿ ಹಾಕುತ್ತಿದ್ದ ಪ್ಲಗ್ಗಿಗೆ ಅರ್ಥಿಂಗ್ ಇರಲೇ ಇಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಕಾಣದ ದೋಷ ಬೇರೆಯೇ ಇತ್ತು. ನಾಲ್ಕು ವರ್ಷಗಳಿಂದ ಚಿಕ್ಕಮ್ಮನ ಬಲಭುಜದಲ್ಲಿ ಸಂಜೆ ಹೊತ್ತಿಗೆ ನೋವು ಬರುತ್ತಿತ್ತು. ಮಾತ್ರೆ, ಎಣ್ಣೆ, ಬಿಸಿಶಾಖ ಎಲ್ಲ ಆಗಿತ್ತು. ಅಡುಗೆ ಕಟ್ಟೆಯ ಎತ್ತರವನ್ನು ಯಾರೂ ಅಳೆದಿರಲಿಲ್ಲ.

2024ರ ಫೆಬ್ರವರಿಯಲ್ಲಿ ಅವರು ಮಾಡ್ಯುಲರ್ ಅಡುಗೆಮನೆ ಮಾಡುವ ಒಂದು ಸಂಸ್ಥೆಯನ್ನು ಕರೆಸಿದರು. ಬಂದ ಯುವಕ ಲೇಸರ್ ಯಂತ್ರದಿಂದ ಹತ್ತು ನಿಮಿಷದಲ್ಲಿ ಗೋಡೆಗಳನ್ನು ಅಳೆದ, ಪುಣೆಯಲ್ಲಿರುವ ಮಗನ ಜತೆ ಫೋನಿನಲ್ಲಿ ಬಣ್ಣ ಮತ್ತು ಬಜೆಟ್ ಕುರಿತು ಅರ್ಧ ಗಂಟೆ ಮಾತಾಡಿದ, 4,10,000 ರೂಪಾಯಿಯ ಅಂದಾಜು ಕಳುಹಿಸಿದ. ಆ ಅರ್ಧ ಗಂಟೆ ಚಿಕ್ಕಮ್ಮ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದರು. ಅವರನ್ನು ಒಂದು ಮಾತೂ ಕೇಳಲಿಲ್ಲ. ನಕ್ಷೆಯಲ್ಲಿ ಕಟ್ಟೆಯ ಎತ್ತರ ಎಲ್ಲ ಕಡೆಯೂ 34 ಇಂಚು, ಮೇಲಿನ ಕಪಾಟುಗಳು ಏಳು ಅಡಿಯವರೆಗೆ. ಐದು ಅಡಿಗೂ ಒಂದಿಂಚು ಕಡಿಮೆ ಎತ್ತರದ ಮಹಿಳೆಗೆ ಅದರಲ್ಲಿ ಅರ್ಧದಷ್ಟು ಅರೆಗಳು ಕೈಗೇ ಎಟುಕುತ್ತಿರಲಿಲ್ಲ. ನನಗೆ ಈಗಲೂ ಸಂಕಟವಾಗುವುದು ಈ ಸಂಗತಿಗೆ. ಬೆಲೆ ಹೆಚ್ಚಾಯಿತೆಂಬುದು ಎರಡನೆಯ ಮಾತು.

ಚಿಕ್ಕಪ್ಪ ಎಚ್‌ಎಂಟಿಯ ಯಂತ್ರೋಪಕರಣ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ದುಡಿದು ಸ್ವಯಂ ನಿವೃತ್ತಿ ಪಡೆದವರು. ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್ ಇಂದಿಗೂ ಅವರ ಮೇಜಿನ ಡ್ರಾಯರಿನಲ್ಲಿದೆ. ಅಂದಾಜುಪಟ್ಟಿಯನ್ನು ಮಡಚಿಟ್ಟು, "ನಾವೇ ಅಳೆಯೋಣ" ಎಂದರು. ಆದರೆ ಕೂಡಲೇ ಶುರು ಮಾಡುವಂತಿರಲಿಲ್ಲ. ಆ ಬೇಸಿಗೆಯಲ್ಲಿ ಊರಿನ ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು; ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕಟ್ಟಡ ಕಾಮಗಾರಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಮಳೆ ಬರುವವರೆಗೆ ಕಾಯಬೇಕಾದ ಆ ಮೂರು ತಿಂಗಳೇ, ನನ್ನ ಮಟ್ಟಿಗೆ, ಇಡೀ ಕೆಲಸದ ಅತ್ಯಂತ ಬೆಲೆಬಾಳುವ ಅವಧಿ. ಆಗ ಅವರು ಏನನ್ನೂ ಕಟ್ಟಲಿಲ್ಲ, ಅಳೆದರು.

ಎತ್ತರದ ಅಳತೆ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮೊಣಕೈ ಮಡಚಿ ನಿಂತಾಗ ಚಿಕ್ಕಮ್ಮನ ಮೊಣಕೈ ನೆಲದಿಂದ 94 ಸೆಂ.ಮೀ. ಎತ್ತರದಲ್ಲಿತ್ತು. ಹಳೆಯ ಕಟ್ಟೆ 86 ಸೆಂ.ಮೀ., ಅಂದರೆ ಮೊಣಕೈಗಿಂತ ಬರೀ 8 ಸೆಂ.ಮೀ. ಕೆಳಗೆ. ಹೆಚ್ಚುವ ಕೆಲಸಕ್ಕೆ ಮೊಣಕೈಗಿಂತ 10ರಿಂದ 15 ಸೆಂ.ಮೀ. ತಗ್ಗಿನಲ್ಲಿ ಕಟ್ಟೆ ಇದ್ದರೆ ಅನುಕೂಲ. ನಾದುವುದು, ಲಟ್ಟಿಸುವುದು ಮುಂತಾಗಿ ಮೈಭಾರ ಹಾಕಿ ಮಾಡುವ ಕೆಲಸಕ್ಕೆ ಇನ್ನೂ ತಗ್ಗಬೇಕು. ಒಲೆಯ ಲೆಕ್ಕ ಮತ್ತೂ ಬೇರೆ, ಏಕೆಂದರೆ ಕಟ್ಟೆಯ ಮೇಲೆ ಒಲೆಯ ಎತ್ತರ, ಅದರ ಮೇಲೆ ಬಾಣಲೆಯ ಎತ್ತರ ಸೇರುತ್ತದೆ. ಅವರ 11 ಸೆಂ.ಮೀ. ಒಲೆಯ ಮೇಲೆ 10 ಸೆಂ.ಮೀ. ಆಳದ ಬಾಣಲೆ ಇಟ್ಟರೆ ಅದರ ಬಾಯಿ 107 ಸೆಂ.ಮೀ.ಗೆ ಬರುತ್ತಿತ್ತು. ಉಪ್ಪಿಟ್ಟು ಕೆದಕಲು, ಹುಳಿ ತಿರುವಲು ಅವರು ಪ್ರತಿದಿನ ಮೊಣಕೈಯನ್ನು ಭುಜದ ಹತ್ತಿರಕ್ಕೆ ಎತ್ತಿ ಹಿಡಿಯಬೇಕಾಗಿತ್ತು. ಮೂವತ್ತಾರು ವರ್ಷದ ಹಿಂದೆ ಗಾರೆ ಮೇಸ್ತ್ರಿ ತನ್ನ ಎತ್ತರಕ್ಕೆ ಸರಿಯಾಗಿ ಕಟ್ಟಿದ ಕಟ್ಟೆ ಅದು.

ಲೆಕ್ಕವನ್ನು ಕಾಗದದ ಮೇಲೆ ಬಿಡದೆ ಪರೀಕ್ಷೆಗೆ ಹಚ್ಚಿದ್ದು ಚಿಕ್ಕಮ್ಮನೇ. ತಗ್ಗಾದ ಒಂದು ಟೀಪಾಯಿಯ ಮೇಲೆ ಹಳೆಯ ವಾರಪತ್ರಿಕೆಗಳ ಕಟ್ಟುಗಳನ್ನು ಪೇರಿಸಿ, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಚಪಾತಿ ಮಣೆ. ರಾತ್ರಿ ಹನ್ನೆರಡು ಚಪಾತಿ ಲಟ್ಟಿಸಿ, ಮಲಗುವ ಮುನ್ನ ಪುಸ್ತಕದಲ್ಲಿ ಎತ್ತರದ ಪಕ್ಕ ಭುಜದ ಸ್ಥಿತಿಯನ್ನು "ಇಲ್ಲ", "ಸ್ವಲ್ಪ", "ಇದೆ" ಎಂಬ ಮೂರು ಪದಗಳಲ್ಲಿ ಬರೆದರು. ಎರಡು ದಿನಕ್ಕೊಮ್ಮೆ ಒಂದು ಕಟ್ಟು ತೆಗೆಯುವುದು ಅಥವಾ ಸೇರಿಸುವುದು. ಮೂರು ವಾರದ ಆ ಪುಟಗಳು ನನ್ನ ಕಣ್ಣ ಮುಂದಿವೆ. 84ರಲ್ಲಿ "ಇದೆ", 81ರಲ್ಲಿ "ಸ್ವಲ್ಪ", 78ರಲ್ಲಿ ನಾಲ್ಕು ರಾತ್ರಿ ಸಾಲಾಗಿ "ಇಲ್ಲ". 75ರಲ್ಲಿ ಭುಜಕ್ಕೆ "ಇಲ್ಲ", ಆದರೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಸೊಂಟ" ಎಂದಿದೆ. ಲಟ್ಟಿಸುವ ಮೇಜಿನ ಎತ್ತರ 78 ಸೆಂ.ಮೀ. ಎಂದು ತೀರ್ಮಾನವಾದದ್ದು ಹೀಗೆ. ಒಲೆಯ ಭಾಗಕ್ಕೆ 72 ಸೆಂ.ಮೀ. ಅದಕ್ಕಿಂತ ತಗ್ಗಿಸಲಿಲ್ಲ, ಏಕೆಂದರೆ ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು.

ಬೆಳಕನ್ನೂ ಅಳೆದರು ಎನ್ನಬೇಕು. ಚಾವಣಿಯ ಟ್ಯೂಬ್‌ಲೈಟು ಅವರ ಬೆನ್ನ ಹಿಂದಿತ್ತು; ಹೆಚ್ಚುವ ಮಣೆಯ ಮೇಲೆ ಬೀಳುತ್ತಿದ್ದುದು ಅವರದೇ ನೆರಳು. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ವಯಸ್ಸಿನವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಮಗ ಬಂದಾಗ "ಬೆಳಕು ಚೆನ್ನಾಗಿದೆಯಲ್ಲ" ಎನ್ನುತ್ತಿದ್ದುದು ಸುಳ್ಳಾಗಿರಲಿಲ್ಲ, ಅವನ ಕಣ್ಣಿಗೆ ಚೆನ್ನಾಗಿಯೇ ಇತ್ತು.

ಮುಟ್ಟುವುದು, ಮುಟ್ಟದಿರುವುದು

ಅವರಿಗೆ ನಾನು ಹೇಳಿದ್ದು ಮುಖ್ಯವಾಗಿ ಒಂದೇ ಮಾತು. ಏನು ಮಾಡುತ್ತೀರಿ ಎಂಬುದಕ್ಕಿಂತ ಮೊದಲು ಏನನ್ನು ಮುಟ್ಟುವುದಿಲ್ಲ ಎಂದು ಬರೆಯಿರಿ. ಗೋಡೆಯೊಳಗಿನ ವಿದ್ಯುತ್ ಕೆಲಸ ಪರವಾನಗಿ ಪಡೆದ ಗುತ್ತಿಗೆದಾರರದೇ, ನಿಯಮವೂ ಅದೇ. ಅವರು ಬಂದು ಹಳೆಯ ಫ್ಯೂಸು ತೆಗೆದು, ಹೊರೆ ಹೆಚ್ಚಾದರೆ ತಾನೇ ಕಡಿದುಕೊಳ್ಳುವ ಎಂ.ಸಿ.ಬಿ. ಸ್ವಿಚ್ಚು ಹಾಕಿದರು, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ. ಕೂರಿಸಿದರು, ಅರ್ಥಿಂಗ್ ಹೊಸದಾಗಿ ಮಾಡಿದರು, ಇಂಡಕ್ಷನ್ ಒಲೆಗೆಂದು 16 ಆಂಪಿಯರ್ ಪ್ಲಗ್ಗಿಗೆ ದಪ್ಪ ತಂತಿ ಎಳೆದರು. ಗ್ಯಾಸಿನ ಕೆಲಸ ಏಜೆನ್ಸಿಯ ಮೆಕ್ಯಾನಿಕ್ಕಿನದು. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ಸುರಕ್ಷಾ ಟ್ಯೂಬು ಅಲ್ಲಿ ಒಂಬತ್ತು ವರ್ಷದಿಂದ ಇತ್ತೆಂಬುದು ಆಗ ತಿಳಿಯಿತು. ಒಲೆಯ ಭಾಗದ ಮೂರು ಅಡಿ ಕಟ್ಟೆ ಒಡೆದು ತಗ್ಗಿಸಲು ಒಬ್ಬ ಗಾರೆ ಮೇಸ್ತ್ರಿ ಮತ್ತು ಸಹಾಯಕ ಎರಡು ದಿನ ಕೆಲಸ ಮಾಡಿದರು. ಒಡೆದ ಕಲ್ಲು, ಇಟ್ಟಿಗೆ 22 ಚೀಲವಾಯಿತು. ದಿನದ ಕಸದ ಆಟೋ ಅದನ್ನು ಒಯ್ಯುವುದಿಲ್ಲವಾದ್ದರಿಂದ ಬೇರೆ ಗಾಡಿ ಗೊತ್ತು ಮಾಡಬೇಕಾಯಿತು.

ಹಿತ್ತಲಿನ ಪಾತ್ರೆ ತೊಳೆಯುವ ಜಾಗದ ಮೇಲಿನ ಕಲ್ನಾರಿನ ಶೀಟನ್ನು ತೆಗೆದು ಹೊಸದು ಹಾಕಬೇಕೆಂಬ ಆಸೆ ಚಿಕ್ಕಪ್ಪನಿಗಿತ್ತು. ಅದನ್ನು ಕೊಯ್ಯುವುದು, ಕೊರೆಯುವುದು, ಮುರಿಯುವುದು ಮೂರೂ ಬೇಡವೆಂದು ಕೈಮುಗಿದು ಕೇಳಿಕೊಂಡೆ. ಅದರ ನಾರಿನ ಧೂಳು ಶ್ವಾಸಕೋಶದಲ್ಲಿ ಉಳಿದು ದಶಕಗಳ ನಂತರ ಕಾಯಿಲೆ ತರುತ್ತದೆ. ಅಲುಗದೆ ಇದ್ದರೆ ತಂಟೆಯಿಲ್ಲ. ಆ ಶೀಟು ಈಗಲೂ ಹಾಗೆಯೇ ಇದೆ.

ಹಳೆಯ ಬಣ್ಣದ ವಿಷಯದಲ್ಲಿ ಮಾತ್ರ ನಾನು ಒಂದು ದಿನ ತಡವಾಗಿ ಹೋದೆ. ಗೋಡೆಯ ಕಪಾಟಿನ ಮರದ ಬಾಗಿಲುಗಳಿಗೆ ಹಸಿರು ಎನಾಮಲ್ ಬಳಿದಿತ್ತು. ಚಿಕ್ಕಪ್ಪ ಕಿಟಕಿ ಮುಚ್ಚಿಕೊಂಡು, ಬಾಯಿಗೆ ಟವೆಲು ಕಟ್ಟಿ, ಉಪ್ಪು ಕಾಗದದಿಂದ ಒಣ ಉಜ್ಜುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. 1988ರ ಎನಾಮಲ್‌ನಲ್ಲಿ ಸೀಸವಿದೆ ಎಂದೇ ಭಾವಿಸಿ ನಡೆಯಬೇಕು. ಕೆಲಸ ನಿಲ್ಲಿಸಿ, ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲಿನದನ್ನು ನೀರು ಸವರಿ ಒದ್ದೆಯಾಗಿಯೇ ಉಜ್ಜಿದರು, ಎನ್95 ಮುಖಗವಸು ಹಾಕಿಕೊಂಡು. ದಸರಾ ರಜೆಗೆ ಬರಲಿದ್ದ ನಾಲ್ಕು ವರ್ಷದ ಮೊಮ್ಮಗಳ ನೆನಪು ಮಾಡಿದ್ದರಿಂದ ವಾದ ಬೇಗ ಮುಗಿಯಿತು.

ಡ್ರಾಯರುಗಳು

ಕೆಳಗಿನ ಅರೆಗಳಿಗೆ ಬಾಗಿಲು ಹಾಕಿಸಿದರೆ ಪ್ರಯೋಜನವಿಲ್ಲ. ಹಿಂಬದಿಯ ಡಬ್ಬ ತೆಗೆಯಲು ಮಂಡಿಯೂರಲೇಬೇಕಾಗುತ್ತದೆ. ಡ್ರಾಯರಾದರೆ ಹಿಂದಿನದೂ ಮುಂದೆ ಬರುತ್ತದೆ. ಆದ್ದರಿಂದ ಎದುರಿನ ಗೋಡೆಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಕೆಲಸದ ಮೇಜು, ಅದರಲ್ಲಿ ಮೂರು ಡ್ರಾಯರು, ಉಳಿದ ಅರ್ಧ ಕಾಲು ಚಾಚಿ ಕೂರಲು ತೆರವು. ಹಳೆಯ ಕಟ್ಟೆಯ ಕೆಳಗೆ ಇನ್ನೂ ಆರು ಡ್ರಾಯರು ಎಂದು ಗೊತ್ತಾಯಿತು.

ನೀರು ತಾಗುವ ಜಾಗವಾದ್ದರಿಂದ ನೀರು ತಡೆಯುವ ದರ್ಜೆಯ, ಐ.ಎಸ್. 710 ಗುರುತಿನ 18 ಮಿ.ಮೀ. ಪ್ಲೈವುಡ್ ತಂದರು. ಐ.ಎಸ್. 303 ಗುರುತಿನ ಎಂ.ಆರ್. ದರ್ಜೆಯದು ಅಗ್ಗವೇನೋ ಹೌದು, ಆದರೆ ತೇವಕ್ಕಷ್ಟೇ ತಡೆಯುತ್ತದೆ. ಸಿಂಕಿನ ಬುಡದಲ್ಲಿ ಪದರ ಬಿಡುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆ 35 ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಮನೆಗೆ ತಂದು ಕೊಯ್ಯುವುದು ಈ ವಯಸ್ಸಿನಲ್ಲಿ ಆಗದ ಮಾತು. ಚಿಕ್ಕಪ್ಪ ಗ್ರಾಫ್ ಕಾಗದದ ಮೇಲೆ ಪ್ರತಿ ತುಂಡಿನ ಅಳತೆ ಬರೆದು ಯಶವಂತಪುರದ ಅಂಗಡಿಯಲ್ಲೇ ಯಂತ್ರದಿಂದ ಕೊಯ್ಯಿಸಿದರು. ಮನೆಗೆ ಬಂದ ಅತಿ ದೊಡ್ಡ ತುಂಡು ಎಂಟು ಕಿಲೋ ಒಳಗಿತ್ತು. ಹಿರಿಯರ ಕೈಗೆಲಸಕ್ಕೆ ಇಂಥ ಏರ್ಪಾಡು ಬಹಳ ದೊಡ್ಡ ಸಹಾಯ ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ.

ತಪ್ಪಾದದ್ದು ಇಲ್ಲಿಯೇ. ಮೊದಲ ಡ್ರಾಯರಿನ ಪೆಟ್ಟಿಗೆ ಜೋಡಿಸಿ, ಮೂಲೆಗಳನ್ನು ಗುಣಿಯಿಂದ (ಮೂಲೆಮಟ್ಟದಿಂದ) ನೋಡಿ, ಗೂಡಿನೊಳಗೆ ತಳ್ಳಿದರು. ಪೆಟ್ಟಿಗೆ ಗೂಡಿಗೆ ಕೂದಲೆಳೆಯಷ್ಟು ಸಂದಿಲ್ಲದಂತೆ ಕೂತಿತು. ಚಿಕ್ಕಪ್ಪನಿಗೆ ಹೆಮ್ಮೆಯಾಯಿತು. ಡ್ರಾಯರು ಜಾರುವ ಟೆಲಿಸ್ಕೋಪಿಕ್ ಚಾನೆಲ್ಲನ್ನು ಕೈಗೆತ್ತಿಕೊಂಡಾಗ ಅರ್ಥವಾಯಿತು, ಅದಕ್ಕೆ ಎರಡೂ ಬದಿಯಲ್ಲಿ ತಲಾ ಅರ್ಧ ಇಂಚಿನ ಜಾಗ ಬೇಕು. ಕೊಯ್ಯುವ ಪಟ್ಟಿಯಲ್ಲಿ ಆ ಜಾಗವನ್ನು ಕಳೆದಿರಲಿಲ್ಲ. ಒಂಬತ್ತು ಡ್ರಾಯರೂ 26 ಮಿ.ಮೀ. ಅಗಲ ಹೆಚ್ಚಾಗಿದ್ದವು. ಅವರು ಅಂದು ಊಟ ಮಾಡಲಿಲ್ಲ. ಮೈಕ್ರಾನಿನ ಲೆಕ್ಕದಲ್ಲಿ ಬದುಕಿದ ಮನುಷ್ಯನಿಗೆ ಒಂದು ಇಂಚು ತಪ್ಪಿದ್ದು ಸಹಿಸಲಾಗಲಿಲ್ಲ. ಮರುದಿನ ಮುಂದಿನ, ಹಿಂದಿನ ಮತ್ತು ತಳದ ತುಂಡುಗಳನ್ನು ಮಾತ್ರ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಬಡಗಿಯ ಬಳಿ ಕೊಯ್ಯಿಸಿ ತಂದರು. ಖರ್ಚು 900 ರೂಪಾಯಿ. ಗುತ್ತಿಗೆದಾರನ ಕೆಲಸದಲ್ಲಿ ಇಂಥ ತಪ್ಪು ಸಾಮಾನ್ಯವಾಗಿ ಆಗುವುದಿಲ್ಲ, ಅವನು ನೂರು ಡ್ರಾಯರು ಮಾಡಿರುತ್ತಾನೆ. ಸ್ವಂತ ಕೆಲಸ ಮಾಡುವವರು ಎಲ್ಲವನ್ನೂ ಒಂದೇ ಸಲ ಕೊಯ್ಯಿಸದೆ, ಮೊದಲು ಒಂದು ಡ್ರಾಯರನ್ನು ಪೂರ್ತಿ ಮಾಡಿ ಎಳೆದು ನೋಡಬೇಕಾಗಿತ್ತು. ಆ ಸಲಹೆ ಕೊಡಬೇಕಾದವನು ನಾನು, ಕೊಟ್ಟಿರಲಿಲ್ಲ.

ಒರಳುಕಲ್ಲನ್ನು ಕೀಳಿಸಬೇಕೆಂದು ನಾನು ಹೇಳಿದ್ದೆ. ಚಿಕ್ಕಮ್ಮ ಒಪ್ಪಲಿಲ್ಲ. ಅತ್ತೆಯ ಕಾಲದ ಕಲ್ಲು. ಅವರೇ ಹುಡುಕಿದ ದಾರಿಯೆಂದರೆ, ಕೆಲಸದ ಮೇಜನ್ನು ಅದರ ಮೇಲೆಯೇ ಬರುವಂತೆ ಇಟ್ಟು, ಡ್ರಾಯರುಗಳ ಕೆಳಗೆ ಒರಳು ಉಳಿಯುವಂತೆ ಮಾಡುವುದು. ಇನ್ನು ಯಾರ ಕಾಲೂ ಅದಕ್ಕೆ ಎಡವುವುದಿಲ್ಲ.

ಬಿದ್ದ ದಿನ

ಕೆಲಸದ ಹೊತ್ತಿಗೆ ಅವರೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡು. ಮಧ್ಯಾಹ್ನದ ಊಟವಾದ ಮೇಲೆ ಯಂತ್ರ ಮುಟ್ಟುವಂತಿಲ್ಲ. ಒಬ್ಬರೇ ಇದ್ದಾಗ ಮುಟ್ಟುವಂತಿಲ್ಲ. ನೆಲದ ಮೇಲೆ ನಿಂತು ಕೈಗೆಟುಕದ ಕೆಲಸ ಮಾಡುವಂತಿಲ್ಲ. ಆರು ವಾರ ಹಾಗೆಯೇ ನಡೆಯಿತು. ಜುಲೈ ಕೊನೆಯ ವಾರದ ಒಂದು ಸಂಜೆ ಆರೂವರೆಗೆ, ಚಿಕ್ಕಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ, ಬೆಳಗ್ಗೆ ಅರ್ಧಕ್ಕೆ ಬಿಟ್ಟ ಒಂದು ಗುರುತು ಹಾಕಿ ಮುಗಿಸೋಣವೆಂದು ಚಿಕ್ಕಪ್ಪ ಪ್ಲಾಸ್ಟಿಕ್ ಸ್ಟೂಲು ಹತ್ತಿದರು. ಕೈಯಲ್ಲಿ ಪೆನ್ಸಿಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಗುರುತು ಹಾಕಿದ್ದೂ ಆಯಿತು. ಇಳಿಯುವಾಗ ಬಿದ್ದರು. ಎಡ ಮಣಿಕಟ್ಟಿನ ಮೂಳೆ ಬಿರಿದು, ಐದು ವಾರ ಪ್ಲಾಸ್ಟರು ಹಾಕಬೇಕಾಯಿತು.

ಬಿದ್ದದ್ದೇಕೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ "ವಯಸ್ಸಾಯಿತಲ್ಲ" ಎಂಬ ಒಂದೇ ಮಾತಿಗೆ ಎಲ್ಲರೂ ತೃಪ್ತರಾಗಿಬಿಟ್ಟರು. ಅವರು ಹಾಕುವುದು ಬೈಫೋಕಲ್ ಕನ್ನಡಕ. ಅದರ ಕೆಳಭಾಗದ ಗಾಜು ಓದುವ ದೂರಕ್ಕೆ ಹೊಂದಿಸಿದ್ದು; ಕಣ್ಣು ಇಳಿಸಿ ಪಾದದ ಕಡೆ ನೋಡಿದಾಗ ಸ್ಟೂಲಿನ ಅಂಚೂ ನೆಲವೂ ಅದರೊಳಗಿಂದ ಮಸುಕಾಗಿ ಕಾಣುತ್ತವೆ. ಕತ್ತಲಾಗುತ್ತಿದ್ದ ಹೊತ್ತು, ಚಾವಣಿಯ ಅದೇ ಹಳೆಯ ಟ್ಯೂಬ್‌ಲೈಟು, ರೆಡ್ ಆಕ್ಸೈಡಿನ ಮೇಲೆ ಕೆಂಪು ಸ್ಟೂಲು. ಅಂಚು ಇನ್ನೂ ಮುಂದಿದೆ ಎಂದು ತಿಳಿದು ಕಾಲಿಟ್ಟ ಕಡೆ ಅಂಚು ಇರಲಿಲ್ಲ. ಸಂಜೆಯ ದಣಿವು ಇದಕ್ಕೆ ಸೇರಿತು. ಈ ಯಾವುದೂ ಯಂತ್ರದ ಅಪಾಯವಲ್ಲ. ಡ್ರಿಲ್ಲು, ಗರಗಸಗಳಿಗೆ ನಾವೆಲ್ಲ ಹೆದರಿದ್ದೆವು. ಅವರನ್ನು ಬೀಳಿಸಿದ್ದು ಒಂದೂವರೆ ಅಡಿಯ ಸ್ಟೂಲು ಮತ್ತು ಮೂಗಿನ ಮೇಲಿನ ಕನ್ನಡಕ.

ಪುಣೆಯಿಂದ ಮಗ ಬಂದ. ಕೆಲಸ ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಯಾರಿಗಾದರೂ ಒಪ್ಪಿಸಬೇಕೆಂದು ಹಟ ಹಿಡಿದ. ಅವನ ಮಾತಿನಲ್ಲಿ ನ್ಯಾಯವಿತ್ತು, ನಾನೂ ಅವನ ಪರವಾಗಿಯೇ ಇದ್ದೆ. ಚಿಕ್ಕಮ್ಮ ನಮ್ಮಿಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡು, "ನನಗೆ ಕೈ ಸರಿಯಾಗಿದೆಯಲ್ಲ, ಅವರು ಕೂತು ಹೇಳಲಿ" ಎಂದರು.

ಚಿಕ್ಕಮ್ಮನ ಐದು ವಾರ

ಅಲ್ಲಿಯವರೆಗೆ ಅವರು ಅಳತೆ ಹಿಡಿದಿದ್ದರು, ಲೆಕ್ಕ ಬರೆದಿದ್ದರು, ಡ್ರಿಲ್ಲು ಹಿಡಿದಿರಲಿಲ್ಲ. ಗೋಡೆ ಕೊರೆಯುವ ದೊಡ್ಡ ಯಂತ್ರದ ತೂಕ ಅವರ ಮಣಿಕಟ್ಟಿಗೆ ಹೆಚ್ಚಾಯಿತು. ಎಸ್.ಪಿ. ರಸ್ತೆಯಿಂದ ಒಂದು ಕಿಲೋ ಆಸುಪಾಸಿನ ಬ್ಯಾಟರಿ ಡ್ರೈವರ್ ತರಿಸಿಕೊಟ್ಟೆ. ಮೊದಲ ದಿನ ಬೇಡದ ಪ್ಲೈ ತುಂಡಿನ ಮೇಲೆ ನಲವತ್ತು ತಿರುಪು ಕೂರಿಸಿ ಅಭ್ಯಾಸ ಮಾಡಿದರು. ಚಾನೆಲ್ಲುಗಳ ಎಲ್ಲ ತಿರುಪೂ ಅವರು ಹಾಕಿದ್ದು. ಎಡಬಲದ ಚಾನೆಲ್ ಒಂದೇ ಮಟ್ಟಕ್ಕೆ ಬರಬೇಕಲ್ಲ, ಅದಕ್ಕೆ ಒಂದೇ ಅಳತೆಗೆ ಕೊಯ್ದ ಎರಡು ಪಟ್ಟಿಗಳನ್ನು ಕೆಳಗಿಟ್ಟು, ಅದರ ಮೇಲೆ ಚಾನೆಲ್ ಕೂರಿಸಿ ತಿರುಪು ಬಿಗಿಯುವ ಉಪಾಯ ಚಿಕ್ಕಪ್ಪನದು.

ಟೈಲ್ಸು ಹಚ್ಚಿದ್ದೂ ಅವರೇ. ಕಟ್ಟೆಯ ಮೇಲಿನ ಗೋಡೆಯಲ್ಲಿ ಹಳೆಯ ಬಿಳಿ ಟೈಲ್ಸಿತ್ತು. ಅದನ್ನು ಕೀಳದೆ, ಟೈಲ್ಸಿನ ಮೇಲೆ ಟೈಲ್ಸು ಹಿಡಿಯುವ ಪಾಲಿಮರ್ ಅಂಟಿನಿಂದ ಹೊಸದನ್ನು ಕೂರಿಸಬಹುದು, ಆದರೆ ಹಳೆಯದು ಗೋಡೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಒಂದು ರೂಪಾಯಿ ನಾಣ್ಯದಿಂದ ಒಂದೊಂದನ್ನೂ ಬಡಿದು ಕೇಳಿದರು. ಟೊಳ್ಳು ಶಬ್ದ ಬಂದ ನಾಲ್ಕನ್ನು ಕಿತ್ತು ಗಾರೆ ತುಂಬಿದರು. ಮೊದಲ ಸಾಲಿನ ಮಟ್ಟಕ್ಕೆ ಮೇಸ್ತ್ರಿಗಳು ಬಳಸುವ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಎರಡು ಕೊನೆಯಲ್ಲೂ ಗುರುತು ಹಾಕಿ, ಮರದ ಪಟ್ಟಿ ಹೊಡೆದು, ಅದರ ಮೇಲೆ ಸಾಲು ಎತ್ತಿದರು.

ಅಂಟು ಕಲಸುವ ಹದ ಚೀಲದ ಮೇಲೆ ಲೀಟರ್ ಲೆಕ್ಕದಲ್ಲಿತ್ತು. ಚಿಕ್ಕಮ್ಮ ಅದನ್ನು ಓದಿ, ಮೊದಲ ಬಾಂಡ್ಲಿ ಕಲಸಿ, ಕರಣೆಯಿಂದ ಎತ್ತಿ ನೋಡಿ, "ಇದು ಇಡ್ಲಿ ಹಿಟ್ಟಾಯಿತು, ವಡೆ ಹಿಟ್ಟಾಗಬೇಕು" ಎಂದರು. ಅದು ನಾನು ಕೇಳಿದ ಅತ್ಯಂತ ನಿಖರವಾದ ವಿವರಣೆ. ಹಲ್ಲಿನ ಕರಣೆಯಿಂದ ಎಳೆದಾಗ ಏಳುವ ಏಣುಗಳು ಕುಸಿಯದೆ ನಿಲ್ಲಬೇಕು, ಟೈಲ್ಸನ್ನು ಒತ್ತಿದಾಗ ಮಾತ್ರ ಮಲಗಬೇಕು. ತೆಳುವಾದರೆ ಟೈಲ್ಸು ಗೋಡೆಯಿಂದ ಮೆಲ್ಲಗೆ ಜಾರುತ್ತದೆ. ದಿನಕ್ಕೆ ಎಂಟು ಟೈಲ್ಸು, ಅಷ್ಟೇ. ಮಾರನೆಯ ದಿನ ಬೆಳಗ್ಗೆ ಬಡಿದು ನೋಡಿ, ಸರಿಯಿದ್ದರೆ ಮುಂದಿನ ಎಂಟು. ಕೂಲಿಗೆ ಬಂದವರಿಗೆ ಇಂಥ ನಿಧಾನ ಕಟ್ಟುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ಸಂದಿಗೆ ಅರಿಶಿನದ ಕಲೆ ಹೀರದ ಎಪಾಕ್ಸಿ ತುಂಬಿದರು. ಅದು ಮುಕ್ಕಾಲು ಗಂಟೆಯೊಳಗೆ ಬಿಗಿಯುವ ವಸ್ತು. ಮೊದಲ ದಿನ ಇಡೀ ಪೊಟ್ಟಣ ಕಲಸಿ ಮೂರರಲ್ಲಿ ಎರಡು ಪಾಲು ಬಾಂಡ್ಲಿಯಲ್ಲೇ ಕಲ್ಲಾಯಿತು.

ಸಿಂಕು, ನಲ್ಲಿ, ಗೋಡೆಯ ಹೊರಗೇ ಎಳೆದ ಸಿ.ಪಿ.ವಿ.ಸಿ. ಪ್ಲಾಸ್ಟಿಕ್ ಕೊಳವೆ ಇವುಗಳಲ್ಲಿ ಹೇಳುವಂಥ ತೊಂದರೆ ಬರಲಿಲ್ಲ. ಮೇಜಿನ ಮೇಲಿನ ಗ್ರಾನೈಟ್ ಹಲಗೆ 36 ಕಿಲೋ ತೂಕವಿದ್ದುದರಿಂದ ಅಂಗಡಿಯ ಇಬ್ಬರು ಹುಡುಗರೇ ತಂದು ಕೂರಿಸಿದರು. ಅರೆಯ ಅಡಿಗೆ ಅಂಟಿಸಿದ ಎಲ್‌ಇಡಿ ಪಟ್ಟಿಯ ಬೆಳಕು ಈಗ ಮಣೆಯ ಮೇಲೆ ನೇರ ಬೀಳುತ್ತದೆ. ಸೆಪ್ಟೆಂಬರ್ 28ಕ್ಕೆ, ನವರಾತ್ರಿಗೆ ಐದು ದಿನ ಮೊದಲು, ಒಲೆ ಹೊತ್ತಿಸಿದರು.

ಲೆಕ್ಕ

ಒಟ್ಟು ಖರ್ಚು 1,54,200 ರೂಪಾಯಿ. ಇದರಲ್ಲಿ ವಿದ್ಯುತ್ ಗುತ್ತಿಗೆದಾರರಿಗೆ 21,500, ಗಾರೆ ಕೆಲಸಕ್ಕೆ 9,000, ಹೊಸ ಉಪಕರಣಗಳಿಗೆ 11,900, ಮಣಿಕಟ್ಟಿನ ಚಿಕಿತ್ಸೆಗೆ 9,800 ಸೇರಿದೆ. ಸಂಸ್ಥೆಯ ಅಂದಾಜಿಗೆ ಹೋಲಿಸಿ ಎರಡೂವರೆ ಲಕ್ಷ ಉಳಿಯಿತೆಂದು ಬಂಧುಗಳು ಹೇಳುತ್ತಾರೆ. ನಾನು ಆ ಹೋಲಿಕೆಯನ್ನು ಒಪ್ಪುವುದಿಲ್ಲ. ಆ ಅಂದಾಜಿನಲ್ಲಿದ್ದ ಮೇಲಿನ ಕಪಾಟುಗಳನ್ನು ಇವರು ಮಾಡಲೇ ಇಲ್ಲ, ಮತ್ತು ಇಬ್ಬರೂ ಸೇರಿ ದುಡಿದ 410 ಗಂಟೆಗೆ ಪುಸ್ತಕದಲ್ಲಿ ಬೆಲೆ ಕಟ್ಟಿಲ್ಲ. ಹದಿನಾರು ವಾರದಲ್ಲಿ ಹನ್ನೊಂದು ವಾರ ಅವರು ವರಾಂಡದಲ್ಲಿ ಇಂಡಕ್ಷನ್ ಒಲೆಯ ಮೇಲೆ ಅಡುಗೆ ಮಾಡಿದರು. ಆ ಕಷ್ಟಕ್ಕೂ ಲೆಕ್ಕವಿಲ್ಲ. ಮಧುಮೇಹದ ಕಾಲುಬೇನೆ, ತಲೆಸುತ್ತು, ರಕ್ತ ತೆಳುವಾಗಿಸುವ ಮಾತ್ರೆ ಇರುವವರಿಗೆ ಈ ಪ್ರಕರಣವನ್ನು ಮಾದರಿಯಾಗಿ ಕೊಡಲು ನಾನು ಸಿದ್ಧನಿಲ್ಲ. ಇವರಿಬ್ಬರಿಗೆ ಅವು ಇರಲಿಲ್ಲ, ಜತೆಗೆ ಜೀವಮಾನವಿಡೀ ಅಳತೆಯ ಕೆಲಸ ಮಾಡಿದ ಒಬ್ಬರು ಮನೆಯಲ್ಲಿದ್ದರು.

ಭುಜದ ನೋವಿನ ಲೆಕ್ಕ ಮಾತ್ರ ಪುಸ್ತಕದಲ್ಲಿ ಮುಂದುವರಿದಿದೆ. ಅಕ್ಟೋಬರ್‌ನಲ್ಲಿ "ಸ್ವಲ್ಪ" ಎಂಬುದು ಒಂಬತ್ತು ಸಲ ಬರುತ್ತದೆ, ಡಿಸೆಂಬರ್‌ನಲ್ಲಿ ಎರಡು ಸಲ. ಜನವರಿಯಿಂದ ಬರೆಯುವುದನ್ನೇ ಮರೆತಿದ್ದಾರೆ.

2025ರ ಯುಗಾದಿಗೆ ನಾನು ಹೋದಾಗ ಚಿಕ್ಕಮ್ಮ ಎತ್ತರದ ಸ್ಟೂಲಿನ ಮೇಲೆ ಕೂತು, ಮೇಜಿನ ತೆರವಿನಲ್ಲಿ ಕಾಲು ಚಾಚಿ, ಒಬ್ಬಟ್ಟು ತಟ್ಟುತ್ತಿದ್ದರು. ಮೊಮ್ಮಗಳು ಮೇಜಿನ ಕೆಳಗೆ ನುಸುಳಿ ಒರಳಿನ ಗುಳಿಯಲ್ಲಿ ಗೊಂಬೆ ಮಲಗಿಸಿದ್ದಳು. ಎಡಗಡೆಯ ಮೂರನೆಯ ಡ್ರಾಯರು ಎರಡು ಮಿ.ಮೀ. ಓರೆಯಾಗಿದೆಯೆಂದು ಚಿಕ್ಕಪ್ಪ ವರ್ನಿಯರ್ ಹಿಡಿದು ತೋರಿಸಿದರು. ಚಿಕ್ಕಮ್ಮ ತಲೆಯೆತ್ತದೆ, ಅದರಲ್ಲಿ ಸಾಸಿವೆ, ಮೆಂತ್ಯದ ಡಬ್ಬಗಳಿವೆ, ಮಧ್ಯಾಹ್ನದವರೆಗೆ ಬಿಚ್ಚಬೇಡಿ ಎಂದರು.